ಬೆಕ್ಕಿನ ಜೊತೆ ಜರ್ಮನಿಗೆ: ಆರು ತಿಂಗಳ ಮೊದಲೇ ಶುರು ಮಾಡಿ

ಹೊರದೇಶದಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಎಲ್ಲರೂ ವೀಸಾ, ಬಾಡಿಗೆ ಮನೆ, ಚಳಿ ಕೋಟು ಅಂತ ಓಡಾಡುತ್ತಾರೆ. ಬೆಕ್ಕು ನೆನಪಾಗುವುದು ಟಿಕೆಟ್ ಬುಕ್ ಆದಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಭಾರತದಿಂದ ಯುರೋಪಿಗೆ ಬೆಕ್ಕನ್ನು ಕರೆದೊಯ್ಯಲು, ಎಲ್ಲೂ ಎಡವದೆ ನಡೆದರೂ, ನಾಲ್ಕು ತಿಂಗಳು ಬೇಕೇ ಬೇಕು. ನನ್ನನ್ನು ಕೇಳಿದರೆ ಆರು ತಿಂಗಳು ಕೈಯಲ್ಲಿಟ್ಟುಕೊಳ್ಳಿ.

ನಾವು ಬಸವೇಶ್ವರನಗರದ ಮನೆಯಿಂದ ಫ್ರಾಂಕ್‌ಫರ್ಟ್‌ಗೆ ಹೊರಟಾಗ ಕಾಳಿ ಮತ್ತು ಬೆಣ್ಣೆ ಎಂಬ ಎರಡು ಬೆಕ್ಕುಗಳು ಜೊತೆಗಿದ್ದವು. ‘ಅಲ್ಲಿ ಕ್ವಾರಂಟೈನ್‌ನಲ್ಲಿ ಇಡ್ತಾರಂತೆ, ಪಾಪ’ ಅಂತ ಬಂದವರೆಲ್ಲ ಹೆದರಿಸಿದ್ದರು. ಕಾಗದಪತ್ರ ಸರಿಯಿದ್ದರೆ ಜರ್ಮನಿಯಲ್ಲಿ ಒಂದು ದಿನವೂ ಇಡುವುದಿಲ್ಲ. ಕಾಯುವ ಕೆಲಸ ಇಲ್ಲೇ ಮುಗಿದಿರುತ್ತದೆ ನೋಡಿ. ಅಲ್ಲಿನ ಗೂಡಿನಲ್ಲಿ ಕಳೆಯಬೇಕಾದ ತಿಂಗಳುಗಳನ್ನು ಬೆಕ್ಕು ನಮ್ಮದೇ ಸೋಫಾ ಮೇಲೆ ಮಲಗಿ ಕಳೆಯುತ್ತದೆ. ಅದಕ್ಕೆ ನಾವು ಮಾಡಬೇಕಾದ್ದು ಇಷ್ಟೇ: ಪ್ರತಿಯೊಂದು ಕೆಲಸವನ್ನೂ ಅದರದರ ಸರದಿಯಲ್ಲಿ, ಸರಿಯಾದ ದಿನ ಮಾಡುವುದು.

ಮೊದಲು ಚಿಪ್, ಆಮೇಲೆ ಲಸಿಕೆ

ಬೆಕ್ಕಿನ ಗುರುತಿನ ನಂಬರ್ ಇರುವ ಮೈಕ್ರೋಚಿಪ್ ಅಕ್ಕಿಕಾಳಿನಷ್ಟು ಗಾತ್ರದ್ದು. ಬೆಕ್ಕಿನ ಎರಡು ಭುಜಗಳ ನಡುವೆ, ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಐಎಸ್‌ಒ 11784 ಮತ್ತು 11785 ಮಾನದಂಡದ, 15 ಅಂಕಿಯ ಚಿಪ್ಪೇ ಬೇಕು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಹಾಕಿದ ತಕ್ಷಣ ಸ್ಕ್ಯಾನರ್ ಹಿಡಿದು ಓದಿಸಿ ನೋಡಿ.

ರೇಬಿಸ್ ಲಸಿಕೆ ಚಿಪ್ ಹಾಕಿದ ದಿನವೇ ಆಗಬಹುದು, ಅಥವಾ ಆಮೇಲೆ. ಮೊದಲು ಮಾತ್ರ ಆಗಬಾರದು. ಚಿಪ್ಪಿಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕೇ ಇಲ್ಲ. ಬೆಣ್ಣೆಯನ್ನು ಬೀದಿಯಿಂದ ತಂದಾಗಲೇ ಲಸಿಕೆ ಹಾಕಿಸಿದ್ದೆವು. ಅದರ ಕಾರ್ಡು ಜೋಪಾನವಾಗಿತ್ತು, ಆದರೆ ಉಪಯೋಗಕ್ಕೆ ಬರಲಿಲ್ಲ. ಚಿಪ್ ಹಾಕಿಸಿ ಮತ್ತೆ ಚುಚ್ಚಿಸಬೇಕಾಯಿತು. ಮರಿಯಾದರೆ ಲಸಿಕೆ ಹೊತ್ತಿಗೆ ಕನಿಷ್ಠ 12 ವಾರ ತುಂಬಿರಬೇಕು.

ಇನ್ನೊಂದು ಮುಖ್ಯ ವಿಷಯ. ಕ್ಲಿನಿಕ್‌ನಿಂದ ಹೊರಗೆ ಬರುವ ಮೊದಲು ಲಸಿಕೆ ಪುಸ್ತಕದಲ್ಲಿ ಬರೆದ ಚಿಪ್ ನಂಬರನ್ನು ಒಂದೊಂದೇ ಅಂಕಿ ಹೋಲಿಸಿ ನೋಡಿ. ನಾವು ನೋಡಿರಲಿಲ್ಲ. ಮನೆಗೆ ಬಂದಮೇಲೆ ನಮ್ಮ ಅತ್ತೆ ಕನ್ನಡಕ ಹಾಕಿಕೊಂಡು, ಚಿಪ್ಪಿನ ಸ್ಟಿಕ್ಕರ್ ಒಂದು ಕೈಯಲ್ಲಿ, ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದುತ್ತಾ ಹೋದರು. ಕೊನೆಗೆ ಬಂದಾಗ ನಿಂತರು. ‘ಇಲ್ಲಿ ನಾಲ್ಕು ಏಳು ಅಂತಿದೆ, ಅಲ್ಲಿ ಏಳು ನಾಲ್ಕು ಅಂತಿದೆಯಲ್ಲಮ್ಮಾ.’ ಎರಡು ಅಂಕಿ ಅದಲುಬದಲಾಗಿದ್ದವು. ಮಾರನೇ ದಿನ ಹೋಗಿ ಸರಿಮಾಡಿಸಿ, ಸಹಿ ಸೀಲು ಹಾಕಿಸಿಕೊಂಡು ಬಂದೆವು. ಅದೇ ತಪ್ಪು ರಕ್ತಪರೀಕ್ಷೆಯ ವರದಿಗೂ ಹತ್ತಿದ್ದರೆ ಫ್ರಾಂಕ್‌ಫರ್ಟ್‌ನಲ್ಲಿ ಕಾಳಿಯ ಕಾಗದ ಬೇರೆ ಯಾವುದೋ ಬೆಕ್ಕಿನದಾಗಿಬಿಡುತ್ತಿತ್ತು.

ರಕ್ತಪರೀಕ್ಷೆ ಮತ್ತು ಮೂರು ತಿಂಗಳ ಕಾಯುವಿಕೆ

ರೇಬಿಸ್ ಹತೋಟಿಯಲ್ಲಿರುವ ದೇಶಗಳು ಯಾವುವು ಎಂದು ಯುರೋಪಿನ ಒಕ್ಕೂಟ ಒಂದು ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಭಾರತ ಇಲ್ಲ. ಹಾಗಾಗಿ ಲಸಿಕೆಯ ಕಾರ್ಡು ತೋರಿಸಿದರೆ ಸಾಲದು, ಲಸಿಕೆ ಮೈಗೆ ಹತ್ತಿದೆ ಎಂದು ರಕ್ತದಲ್ಲೇ ತೋರಿಸಬೇಕು. ಇದಕ್ಕೆ ಟೈಟರ್ ಟೆಸ್ಟ್ ಅನ್ನುತ್ತಾರೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದಮೇಲೆ ರಕ್ತ ತೆಗೆಯಬೇಕು. ಯುರೋಪಿನ ಒಕ್ಕೂಟ ಒಪ್ಪಿದ ಲ್ಯಾಬ್‌ನಲ್ಲೇ ಪರೀಕ್ಷೆ ಆಗಬೇಕು. ರೇಬಿಸ್ ವಿರುದ್ಧ ಹೋರಾಡುವ ಪ್ರತಿಕಾಯಗಳು ಪ್ರತಿ ಮಿಲಿಲೀಟರ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಜಾಸ್ತಿ ಬಂದರೆ ಪಾಸು. ಲ್ಯಾಬ್ ಹೊರದೇಶದ್ದಾದರೆ ಸೀರಮ್ (ರಕ್ತದ ತಿಳಿ ದ್ರವ) ಬೇರ್ಪಡಿಸಿ, ತಂಪಾಗಿಟ್ಟು ಕಳಿಸುವ ವ್ಯವಸ್ಥೆ ಬೇಕು. ಆ ಕೆಲಸ ಗೊತ್ತಿರುವ ಡಾಕ್ಟರನ್ನೇ ಹುಡುಕಿ.

ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಗಮನಿಸಿ, ರಿಪೋರ್ಟ್ ಬಂದ ದಿನದಿಂದ ಅಲ್ಲ. ‘ಪಾಸಾದ ಮೇಲೂ ಯಾಕೆ ಸುಮ್ನೆ ಕಾಯಬೇಕು?’ ಅಂತ ನನಗೂ ಸಿಟ್ಟು ಬಂದಿತ್ತು. ಕಾರಣ ತಿಳಿದಮೇಲೆ ಒಪ್ಪಿದೆ. ರೇಬಿಸ್ ವೈರಾಣು ಒಳಗೆ ಹೊಕ್ಕಮೇಲೂ ಎಷ್ಟೋ ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಹೊರಗೆ ಏನೂ ಕಾಣಿಸುವುದಿಲ್ಲ. ಲಸಿಕೆಗೆ ಮೊದಲೇ ಕಚ್ಚಿಸಿಕೊಂಡ ಪ್ರಾಣಿ ರಕ್ತಪರೀಕ್ಷೆಯಲ್ಲಿ ಪಾಸಾಗಬಹುದು, ಆಮೇಲೆ ಕಾಯಿಲೆ ಬೀಳಬಹುದು. ಆ ಸಾಧ್ಯತೆ ಕಳೆಯಲಿ ಅಂತ ಈ ಮೂರು ತಿಂಗಳು. ನಮ್ಮ ಊರುಗಳಲ್ಲಿ ಇಂದಿಗೂ ಜನ ಸಾಯುವ ಕಾಯಿಲೆ ಇದು. ಅವರು ಹುಷಾರಾಗಿರುವುದರಲ್ಲಿ ತಪ್ಪಿಲ್ಲ, ಅಲ್ವಾ?

ಈ ಅವಧಿಯಲ್ಲಿ ಲಸಿಕೆಯ ಗಡುವು ಮುಗಿಯುತ್ತದೆಯೇ ಎಂದು ನೋಡಿಕೊಳ್ಳಿ. ಮುಗಿಯುವ ಮೊದಲೇ ಮರುಲಸಿಕೆ ಆದರೆ ಟೈಟರ್ ವರದಿ ಹಾಗೇ ಊರ್ಜಿತ. ಒಂದು ದಿನ ತಪ್ಪಿದರೂ ಲಸಿಕೆ, ರಕ್ತ, ಮೂರು ತಿಂಗಳು ಎಲ್ಲ ಮೊದಲಿಂದ.

ಕಾಯುವಾಗ ಬುಟ್ಟಿಯ ಅಭ್ಯಾಸ

ಮೂರು ತಿಂಗಳು ವ್ಯರ್ಥ ಅಂದುಕೊಳ್ಳಬೇಡಿ. ಬೆಕ್ಕನ್ನು ಒಯ್ಯುವ ಚೀಲವನ್ನು ಈಗಲೇ ತಂದು, ಬಾಯಿ ತೆರೆದು ಮನೆಯ ಮೂಲೆಯಲ್ಲಿಡಿ. ಒಳಗೆ ನೀವು ಉಟ್ಟು ಹಳತಾದ ಕಾಟನ್ ಸೀರೆಯ ತುಂಡು ಹಾಸಿ. ಊಟದ ತಟ್ಟೆಯನ್ನು ಅದರೊಳಗೇ ಇಡಿ. ಕಾಳಿ ಒಂದು ವಾರ ದೂರದಿಂದ ಮೂಸಿ ಹೋಗುತ್ತಿದ್ದಳು. ಎರಡನೇ ವಾರ ಮುಂಗಾಲು ಇಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಅಲ್ಲೇ.

ವಿಮಾನದ ಸೀಟು ಈಗಲೇ ಬುಕ್ ಮಾಡಿ. ಒಂದು ವಿಮಾನದಲ್ಲಿ ಇಂತಿಷ್ಟೇ ಪ್ರಾಣಿಗಳು ಎಂಬ ಮಿತಿ ಇರುತ್ತದೆ. ಲುಫ್ತಾನ್ಸಾದಲ್ಲಿ ಬೆಕ್ಕನ್ನು ನಮ್ಮ ಕಾಲ ಬಳಿ ಇಟ್ಟುಕೊಳ್ಳಬಹುದು: ಚೀಲ ಸೇರಿ 8 ಕಿಲೋ ಮೀರಬಾರದು, ಚೀಲ 55×40×23 ಸೆಂಟಿಮೀಟರ್ ಒಳಗಿರಬೇಕು. ದಪ್ಪ ಬೆಕ್ಕಿದ್ದರೆ ಇವತ್ತೇ ತೂಕ ನೋಡಿ.

ಕೊನೆಯ ಹತ್ತು ದಿನ

ಇದು ಓಡಾಟ ಜಾಸ್ತಿ ಇರುವ ಹಂತ. ಯುರೋಪಿನ ಒಕ್ಕೂಟದ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ ಬೇಕು. ಸಹಿಯಾದ 10 ದಿನದೊಳಗೆ ನೀವು ಅಲ್ಲಿ ಇಳಿದು ತಪಾಸಣೆಗೆ ಕೊಡಬೇಕು. ನಮ್ಮಲ್ಲಿ ಈ ಕೆಲಸ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯದು. ಬೆಂಗಳೂರಿನಲ್ಲಿ ಅದು ಹೆಸರಘಟ್ಟದಲ್ಲಿದೆ. ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಲಸಿಕೆ ಪುಸ್ತಕ, ಚಿಪ್ ದಾಖಲೆ, ಟೈಟರ್ ವರದಿ, ನಿಮ್ಮ ಡಾಕ್ಟರ್ ಕೊಟ್ಟ ಆರೋಗ್ಯ ಪತ್ರ, ಪಾಸ್‌ಪೋರ್ಟ್, ಟಿಕೆಟ್ ಎಲ್ಲದರ ಮೂಲಪ್ರತಿ ಮತ್ತು ಜೆರಾಕ್ಸ್ ಇಟ್ಟುಕೊಳ್ಳಿ. ಪ್ರಮಾಣಪತ್ರದ ನಮೂನೆ ಇಂಗ್ಲಿಷ್ ಜೊತೆಗೆ ಜರ್ಮನ್‌ನಲ್ಲೂ ಇರಬೇಕು. ಎರಡೂ ಭಾಷೆ ಇರುವ ನಮೂನೆಯನ್ನೇ ಒಯ್ಯಿರಿ. ಮಾರಾಟಕ್ಕೆ ಒಯ್ಯುತ್ತಿಲ್ಲ ಎಂಬ ನಿಮ್ಮ ಘೋಷಣೆಯೂ ಜೊತೆಗಿರಬೇಕು. ನೀವು ಮತ್ತು ಬೆಕ್ಕು ಬೇರೆ ಬೇರೆ ಪ್ರಯಾಣ ಮಾಡುವುದಾದರೆ ನಡುವೆ ಐದು ದಿನಕ್ಕಿಂತ ಜಾಸ್ತಿ ಅಂತರ ಇರಬಾರದು.

ಹೊರಡುವ ರಾತ್ರಿ

ಹೊರಡುವ ಕೆಲವು ಗಂಟೆ ಮೊದಲೇ ಬೆಕ್ಕಿನ ಊಟ ಮುಗಿಸಿಬಿಡಿ, ನೀರು ಕೊಡುತ್ತಿರಿ. ಚೀಲದಲ್ಲಿ ಮೂತ್ರ ಹೀರುವ ಪ್ಯಾಡ್ ಹಾಸಿ. ನಿದ್ದೆಯ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಎತ್ತರದಲ್ಲಿ ಉಸಿರಾಟಕ್ಕೆ, ರಕ್ತದೊತ್ತಡಕ್ಕೆ ಅಪಾಯ.

ಹೆಚ್ಚು ಭಯವಾಗುವ ಜಾಗ ಸೆಕ್ಯುರಿಟಿ. ಚೀಲ ಎಕ್ಸ್‌ರೇಗೆ ಹೋಗುತ್ತದೆ, ಬೆಕ್ಕನ್ನು ಎದೆಗವಚಿಕೊಂಡು ನೀವು ನಡೆದು ಹೋಗಬೇಕು. ಟ್ರೇಗಳ ಸದ್ದಿಗೆ ಬೆಣ್ಣೆಯ ಉಗುರು ನನ್ನ ಸ್ವೆಟರ್ ದಾಟಿ ಭುಜಕ್ಕೆ ಇಳಿದಿತ್ತು. ಮೈಗೆ ಹಾರ್ನೆಸ್ ಹಾಕಿ ದಾರವನ್ನು ಕೈಗೆ ಸುತ್ತಿಕೊಂಡಿದ್ದರಿಂದ ಬಚಾವಾದೆವು. ಬಾಗಿಲು ಮುಚ್ಚುವ ಕೋಣೆಯಲ್ಲಿ ತಪಾಸಣೆ ಮಾಡಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಬೆಕ್ಕಿನ ಊಟದ ಪೊಟ್ಟಣ ಸೂಟ್‌ಕೇಸಿಗೆ ತುಂಬಬೇಡಿ. ಮಾಂಸ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ತರುವಂತಿಲ್ಲ. ಅಲ್ಲಿ ಸಿಗುವ ಬ್ರ್ಯಾಂಡ್ ಯಾವುದು ಎಂದು ತಿಳಿದು ಒಂದು ತಿಂಗಳು ಮೊದಲೇ ರೂಢಿ ಮಾಡಿಸಿ.

ಇಳಿದಮೇಲೆ, ಕಸ್ಟಮ್ಸ್‌ಗೆ ಹೇಳಲು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಹೊರಟುಬಿಡಬೇಡಿ. ಕೆಂಪು ದಾರಿಯ ಕಸ್ಟಮ್ಸ್‌ಗೆ ಹೋಗಿ ಬೆಕ್ಕು ತಂದಿದ್ದೇವೆ ಎಂದು ನೀವೇ ಹೇಳಿ. ಅಧಿಕಾರಿ ಸ್ಕ್ಯಾನರ್ ಹಿಡಿದರು, 15 ಅಂಕಿ ಓದಿದರು, ಕಾಗದ ತಿರುವಿದರು, ಮುಗಿಯಿತು. ಕಾಗದ ಸರಿಯಿಲ್ಲದಿದ್ದರೆ ಬೆಕ್ಕನ್ನು ವಾಪಸು ಕಳಿಸುತ್ತಾರೆ, ಇಲ್ಲವೇ ನಿಮ್ಮ ಖರ್ಚಿನಲ್ಲೇ ಕ್ವಾರಂಟೈನ್. ಎರಡೂ ಆಗದಿದ್ದರೆ ದಯಾಮರಣಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಹೆದರಿಸಲು ಹೇಳುತ್ತಿಲ್ಲ, ಆ ಎರಡು ಅಂಕಿ ನೆನಪಾದರೆ ನನಗೆ ಈಗಲೂ ಹೊಟ್ಟೆ ಕಲಸುತ್ತದೆ.

ಬೇರೆ ದೇಶವಾದರೆ

ಬ್ರಿಟನ್ನಿಗೂ ಇದೇ ರಕ್ತಪರೀಕ್ಷೆ, ಇದೇ ಮೂರು ತಿಂಗಳು. ಆದರೆ ವಿಮಾನದಲ್ಲಿ ಬೆಕ್ಕು ಕಾರ್ಗೋ ಆಗಿಯೇ ಇಳಿಯಬೇಕು. ಜಪಾನಿಗೆ ರಕ್ತ ತೆಗೆದು 180 ದಿನ ಕಾಯಬೇಕು, ಕನಿಷ್ಠ 40 ದಿನ ಮೊದಲು ಅಲ್ಲಿಗೆ ತಿಳಿಸಿರಬೇಕು. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರ ಒಯ್ಯಲು ಬಿಡುವುದೇ ಇಲ್ಲ. ಅವರು ಒಪ್ಪಿದ ಇನ್ನೊಂದು ದೇಶದ ಮೂಲಕ ಹೋಗಿ, ಆಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕ್ವಾರಂಟೈನ್ ಇರಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಆಯಾ ದೇಶದ ಸರ್ಕಾರಿ ಪುಟವನ್ನು ಶುರುವಿನಲ್ಲೊಮ್ಮೆ, ಹೊರಡುವ ತಿಂಗಳು ಇನ್ನೊಮ್ಮೆ ಓದಿ.

ಜರ್ಮನಿಗೆ ಬಂದಮೇಲೆ ಹತ್ತಿರದ ಪಶುವೈದ್ಯರ ಬಳಿ ಹೋಗಿ ಬೆಕ್ಕಿಗೆ ಯುರೋಪಿನ ಪೆಟ್ ಪಾಸ್‌ಪೋರ್ಟ್ ಮಾಡಿಸಿ. ನೀಲಿ ಬಣ್ಣದ ಸಣ್ಣ ಪುಸ್ತಕ. ಚಿಪ್ ನಂಬರು, ಲಸಿಕೆ, ಟೈಟರ್ ಫಲಿತಾಂಶ ಎಲ್ಲವನ್ನೂ ಅದರಲ್ಲಿ ಬರೆಸಿಕೊಳ್ಳಿ. ಮುಂದೆ ಎಂದಾದರೂ ಬೆಕ್ಕನ್ನು ಊರಿಗೆ ಕರೆತಂದು ವಾಪಸು ಒಯ್ಯುವುದಾದರೆ, ಲಸಿಕೆ ತಪ್ಪದೆ ನಡೆದಿದ್ದರೆ, ಮತ್ತೆ ಮೂರು ತಿಂಗಳು ಕಾಯಬೇಕಿಲ್ಲ. ನಮ್ಮ ಫ್ರಿಜ್ ಬಾಗಿಲಿಗೆ ಕಾಳಿ, ಬೆಣ್ಣೆ ಇಬ್ಬರ ಮುಂದಿನ ಲಸಿಕೆಯ ದಿನಾಂಕ ಬರೆದು ಅಂಟಿಸಿದ್ದೇವೆ.