ಫೋನಿನಲ್ಲಿ 82 ಅಂತ ಬಂತು, ವಾಕಿಂಗ್ ಹೋಗಬಹುದಾ?

ಡಿಸೆಂಬರಿನ ಒಂದು ಬೆಳಗ್ಗೆ ಆರೂವರೆಗೆ ಅಪ್ಪ ವಾಕಿಂಗ್‌ಗೆ ಹೊರಟಿದ್ದರು. ತಲೆಗೆ ಮಂಕಿ ಕ್ಯಾಪ್, ಕೈಯಲ್ಲಿ ಹಾಲಿನ ಚೀಲ. ನಾನು ಫೋನ್ ನೋಡಿ, "ಇವತ್ತು ಗಾಳಿ 82 ತೋರಿಸ್ತಿದೆ ಅಪ್ಪಾ" ಎಂದೆ. "ಎಂಬತ್ತೆರಡು ಅಂದ್ರೆ ಡಿಸ್ಟಿಂಕ್ಷನ್ ಅಲ್ವೇನೋ!" ಎಂದು ನಕ್ಕು ಹೊರಟೇಬಿಟ್ಟರು. ಸಂಜೆ ಹೊತ್ತಿಗೆ ಉಬ್ಬಸ ಶುರುವಾಗಿ ಇನ್‌ಹೇಲರ್ ಹುಡುಕುತ್ತಿದ್ದರು.

ಅವರದೇನೂ ತಪ್ಪಿಲ್ಲ. ಗಾಳಿಯ ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯೂಐ, 2015ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿದೆ. ಅದನ್ನು ಓದುವುದು ಹೇಗೆ ಅಂತ ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಕಷ್ಟವೇನಲ್ಲ. ಸ್ವಲ್ಪ ಗುಣಾಕಾರ ಬಂದರೆ ಸಾಕು.

ಮೊದಲು, ಅದು ಎಲ್ಲಿಯ ಅಂಕಿ ನೋಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಅನ್ನುವ ಆ್ಯಪ್ ಇದೆ. ಹೆಸರು ಚೆನ್ನಾಗಿದೆ, ಸಮೀರ ಅಂದರೆ ಗಾಳಿ ತಾನೆ. ಅದರಲ್ಲಿ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ ಹೀಗೆ ಒಂದೊಂದು ಕೇಂದ್ರದ ಅಂಕಿ ಬೇರೆಬೇರೆ ಸಿಗುತ್ತದೆ. 'ಬೆಂಗಳೂರು' ಅನ್ನುವ ಒಟ್ಟು ಅಂಕಿ ಬಿಟ್ಟು ನಿಮ್ಮ ಮನೆಗೆ ಹತ್ತಿರದ ಕೇಂದ್ರ ಹಿಡಿಯಿರಿ. ಬೆಂಗಳೂರಿನ ಹೊರಗೆ ಹಲವು ಊರುಗಳಿಗೆ ಇರುವುದೇ ಒಂದು ಕೇಂದ್ರ. ಅದು ಊರಾಚೆ ಇದ್ದರೆ ನಿಮ್ಮ ಬೀದಿಯ ಹೊಗೆ ಅದಕ್ಕೆ ಗೊತ್ತಾಗುವುದಿಲ್ಲ. ಆಗ ನಿಮ್ಮ ಮೂಗನ್ನೂ ಒಂದು ಕೇಂದ್ರ ಅಂತ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ವಿಷಯ. ಕೆಲವು ಖಾಸಗಿ ಆ್ಯಪ್‌ಗಳು ಅಮೆರಿಕದ ಲೆಕ್ಕದಲ್ಲಿ ಎಕ್ಯೂಐ ತೋರಿಸುತ್ತವೆ. ಒಂದೇ ಬೀದಿ, ಒಂದೇ ಗಾಳಿ, ಎರಡು ಫೋನಿನಲ್ಲಿ ಎರಡು ಅಂಕಿ! ಯಾವ ಲೆಕ್ಕ ಅಂತ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಂಡರೆ ಮನೆಯಲ್ಲಿ ಜಗಳ ತಪ್ಪುತ್ತದೆ.

ಆಮೇಲೆ, ಅಂಕಿಯನ್ನು ಒಡೆಯಿರಿ

ನಮ್ಮ ಸೂಚ್ಯಂಕ ಎಂಟು ವಸ್ತುಗಳನ್ನು ನೋಡುತ್ತದೆ. ಪಿಎಂ 10, ಪಿಎಂ 2.5 ಅನ್ನುವ ಎರಡು ಬಗೆಯ ಕಣ, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಜೋನ್, ಅಮೋನಿಯಾ, ಸೀಸ. ಪ್ರತಿಯೊಂದಕ್ಕೂ ಅಂಕ ಬೀಳುತ್ತದೆ. ಕೊನೆಗೆ ಹೊರಗೆ ಬರುವುದು ಅವುಗಳ ಸರಾಸರಿ ಅಲ್ಲ, ಮೊತ್ತವೂ ಅಲ್ಲ. ಎಲ್ಲಕ್ಕಿಂತ ಕೆಟ್ಟದಾಗಿರುವ ಒಂದರ ಅಂಕವೇ ಎಕ್ಯೂಐ. ಎಂಟು ವಿಷಯ ಬರೆದ ಹುಡುಗನಿಗೆ ಅತಿ ಕೆಟ್ಟ ವಿಷಯದ ಅಂಕವನ್ನೇ ಫಲಿತಾಂಶ ಅಂತ ಹಾಕಿದ ಹಾಗೆ. ಸಾಲದ್ದಕ್ಕೆ ಇಲ್ಲಿ ಜಾಸ್ತಿ ಅಂಕ ಬಂದರೆ ಫೇಲು. ಅಪ್ಪ ಎಡವಿದ್ದು ಅಲ್ಲೇ.

ಹಾಗಾಗಿ ಅಂಕಿಯ ಪಕ್ಕದಲ್ಲಿ ಅದು ಯಾವ ವಸ್ತುವಿನಿಂದ ಬಂದದ್ದು ಅಂತ ನೋಡಿ. ಪಿಎಂ 10 ಅಂತಿದ್ದರೆ ಹೆಚ್ಚಾಗಿ ರಸ್ತೆಯ, ಕಟ್ಟಡ ಕೆಲಸದ ಧೂಳು. ಪಿಎಂ 2.5 ಅಂತಿದ್ದರೆ ಹೆಚ್ಚಾಗಿ ಹೊಗೆಯ ಸಂತಾನ. ಡೀಸೆಲ್, ಕಸ ಸುಡುವುದು, ಸೌದೆ ಒಲೆ, ಜನರೇಟರ್. ಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಭಾಗದಷ್ಟು ಸಣ್ಣ ಕಣ ಇದು. ಮೂಗು, ಗಂಟಲು ತಡೆಯಲಾರದೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅವುಗಳಲ್ಲೂ ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ.

ಈಗ ಗುಣಾಕಾರ. ಪಿಎಂ 2.5ರಿಂದ ಬಂದ ಎಕ್ಯೂಐ 100ರ ಒಳಗಿದ್ದರೆ ಅದನ್ನು 0.6ರಿಂದ ಗುಣಿಸಿ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಣ ಇದೆ ಅಂತ ಸಿಗುತ್ತದೆ. 82 ಅಂದರೆ ಸುಮಾರು 49. ನೂರು ದಾಟಿದ ಮೇಲೆ 60 ಮೈಕ್ರೋಗ್ರಾಂನಿಂದ ಶುರುಮಾಡಿ, ಸೂಚ್ಯಂಕದ ಪ್ರತಿ ಹತ್ತಕ್ಕೆ 3 ಮೈಕ್ರೋಗ್ರಾಂ ಸೇರಿಸುತ್ತಾ ಹೋಗಿ. 150 ಅಂದರೆ 75, 200 ಅಂದರೆ 90. ಮುನ್ನೂರರ ತನಕ ಈ ಲೆಕ್ಕ ಸರಿಹೋಗುತ್ತದೆ. ಪಿಎಂ 10 ಇನ್ನೂ ಸುಲಭ. ನೂರರ ತನಕ ಸೂಚ್ಯಂಕ ಎಷ್ಟೋ ಮೈಕ್ರೋಗ್ರಾಂ ಅಷ್ಟೇ.

ಆ 49ನ್ನು ಯಾವ ಅಳತೆಗೋಲಿಗೆ ಹಿಡಿಯುತ್ತೀರಿ?

ನಮ್ಮ ದೇಶದ 2009ರ ಮಾನದಂಡದಲ್ಲಿ ಪಿಎಂ 2.5ರ 24 ಗಂಟೆಯ ಮಿತಿ 60. ಆ ಲೆಕ್ಕಕ್ಕೆ 49 ಪಾಸು. ಆ್ಯಪ್‌ನಲ್ಲಿ ತಿಳಿ ಹಸಿರು ಬಣ್ಣ, 'ಸಮಾಧಾನಕರ' ಅನ್ನುವ ಅರ್ಥದ ಪದ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಆ ಲೆಕ್ಕಕ್ಕೆ ಮೂರು ಪಟ್ಟು ಜಾಸ್ತಿ. ಅಮೆರಿಕದ ಸೂಚ್ಯಂಕಕ್ಕೆ ಹಾಕಿದರೆ ಇದೇ ಗಾಳಿ 135ರ ಆಸುಪಾಸು ಬರುತ್ತದೆ. ಬಣ್ಣ ಕಿತ್ತಳೆ, ಉಬ್ಬಸದವರು ಜೋಪಾನ ಅನ್ನುವ ಎಚ್ಚರಿಕೆ.

ನಿಜ ಹೇಳಬೇಕೆಂದರೆ ನಮ್ಮ ಮಂಡಳಿಯ ಪಟ್ಟಿಯೂ ಸುಮ್ಮನೆ ಕುಳಿತಿಲ್ಲ. 51ರಿಂದ 100ರ ಸಾಲಿನ ಪಕ್ಕದಲ್ಲೇ, ಸೂಕ್ಷ್ಮ ಇರುವವರಿಗೆ ಸ್ವಲ್ಪ ಉಸಿರಾಟದ ತೊಂದರೆ ಆಗಬಹುದು ಅಂತ ಬರೆದಿದೆ. ಜನ ಬಣ್ಣ ನೋಡುತ್ತಾರೆ, ಸಣ್ಣ ಅಕ್ಷರ ಓದುವುದಿಲ್ಲ ಅಷ್ಟೇ.

ಹಾಗಾದರೆ ಯಾವುದನ್ನು ನಂಬುವುದು? ನನ್ನ ಉತ್ತರಕ್ಕೆ ಒಂದು ಹಳೆಯ ಅಧ್ಯಯನವೇ ಕಾರಣ. ಅಮೆರಿಕದ ಹಾರ್ವರ್ಡ್ ಸಂಶೋಧಕರು ಆರು ಊರುಗಳ 8,111 ಜನರನ್ನು 14ರಿಂದ 16 ವರ್ಷ ಬೆನ್ನುಹತ್ತಿ ನೋಡಿದರು. ಸಿಗರೇಟು, ವಯಸ್ಸು, ತೂಕ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಅತಿ ಕೊಳಕು ಗಾಳಿಯ ಸ್ಟೂಬೆನ್‌ವಿಲ್ ಎಂಬ ಊರಿನಲ್ಲಿ ಸಾವಿನ ಪ್ರಮಾಣ ಅತಿ ಚೊಕ್ಕ ಗಾಳಿಯ ಪೋರ್ಟೇಜ್‌ಗಿಂತ ಶೇ 26ರಷ್ಟು ಜಾಸ್ತಿ ಇತ್ತು. ಇದು ಪ್ರಕಟವಾದದ್ದು 1993ರಲ್ಲಿ. ಉದ್ಯಮದವರು ಬಹಳ ಕೂಗಾಡಿದರು. ಆದರೂ 1997ರಲ್ಲಿ ಆ ದೇಶ ಮೊದಲ ಸಲ ಪಿಎಂ 2.5ಕ್ಕೆ ಮಿತಿ ಹಾಕಿತು.

ಆ ಕೊಳಕು ಊರಿನ ಗಾಳಿಯಲ್ಲಿ ಸರಾಸರಿ ಎಷ್ಟು ಸಣ್ಣ ಕಣ ಇತ್ತು ಗೊತ್ತಾ? 29.6 ಮೈಕ್ರೋಗ್ರಾಂ. ನಮ್ಮ ದೇಶದ ವಾರ್ಷಿಕ ಮಿತಿ 40. ಅಂದರೆ ಉಕ್ಕಿನ ಕಾರ್ಖಾನೆಗಳ ಆ ಊರು ಇವತ್ತು ಇಲ್ಲಿದ್ದಿದ್ದರೆ ಆರಾಮಾಗಿ ಪಾಸಾಗುತ್ತಿತ್ತು. ಇದನ್ನು ಮೊದಲ ಸಲ ಓದಿದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ್ದೆ. ಹಾಗಾಗಿ ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ, ಉಬ್ಬಸದವರು, ಹೃದಯದ ತೊಂದರೆ ಇರುವವರು ಇದ್ದರೆ ಬಣ್ಣ ಬಿಟ್ಟು ಮೈಕ್ರೋಗ್ರಾಂ ನೋಡಿ. ಅದನ್ನು 15ಕ್ಕೆ ಹೋಲಿಸಿ.

ಗಡಿಯಾರವನ್ನೂ ನೋಡಿ

ಸೂಚ್ಯಂಕದಲ್ಲಿ ಕಣಗಳ ಅಂಕಿ ಕಳೆದ 24 ಗಂಟೆಯ ಸರಾಸರಿ. ಇದರಲ್ಲೊಂದು ಮೋಸ ಇದೆ. ದೀಪಾವಳಿ ರಾತ್ರಿ ಎರಡು ಗಂಟೆ ನಿಮ್ಮ ಬೀದಿಯಲ್ಲಿ 300 ಮೈಕ್ರೋಗ್ರಾಂ ಇತ್ತು, ಉಳಿದ 22 ಗಂಟೆ 30 ಇತ್ತು ಅಂತ ಇಟ್ಟುಕೊಳ್ಳಿ. ಸರಾಸರಿ 52.5. ಸೂಚ್ಯಂಕ 87ರ ಹತ್ತಿರ. ಮತ್ತೆ ತಿಳಿ ಹಸಿರು! ಪಟಾಕಿ ಹೊಗೆಯಲ್ಲಿ ಕೆಮ್ಮಿದ ಮಗುವಿಗೆ ಆ ಹಸಿರಿನಿಂದ ಏನು ಪ್ರಯೋಜನ? ಅದಕ್ಕೇ ಆ್ಯಪ್‌ನಲ್ಲಿ ಗಂಟೆಗಂಟೆಯ ಗೆರೆ ತೋರಿಸುವ ಭಾಗ ಇದ್ದರೆ ಅದನ್ನು ತೆರೆಯಿರಿ.

ಒಂದು ವಾರ ನೋಡಿದರೆ ನಿಮ್ಮ ಬೀದಿಯ ಸ್ವಭಾವ ತಿಳಿಯುತ್ತದೆ. ಚಳಿಗಾಲದಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ರಾತ್ರಿಯ ಹೊಗೆ, ಎಲೆ ಸುಟ್ಟ ಹೊಗೆ, ಬೆಳಗಿನ ಶಾಲಾ ಬಸ್ಸಿನ ಹೊಗೆ ಎಲ್ಲ ಅದರಡಿ ಸಿಕ್ಕಿಕೊಳ್ಳುತ್ತದೆ. ಬಿಸಿಲು ಏರಿದಂತೆ ಮುಚ್ಚಳ ತೆರೆದುಕೊಳ್ಳುತ್ತದೆ. ನಾವು 'ಬೆಳಗಿನ ಶುದ್ಧ ಗಾಳಿ' ಅನ್ನುತ್ತೇವಲ್ಲ, ಡಿಸೆಂಬರ್, ಜನವರಿಯ ನಗರದಲ್ಲಿ ಅದು ಬಹುತೇಕ ಸುಳ್ಳು. ಮಳೆಗಾಲದಲ್ಲಿ ಈ ತಲೆನೋವು ಕಡಿಮೆ. ಬೇಸಿಗೆ ಮಧ್ಯಾಹ್ನದಲ್ಲಿ ಮಾತ್ರ ಓಜೋನ್ ನೋಡಿಕೊಳ್ಳಿ. ವಾಹನದ ಹೊಗೆಗೆ ಬಿಸಿಲು ಸೇರಿ ಅದು ಹುಟ್ಟುತ್ತದೆ. ಎನ್95 ಮಾಸ್ಕ್ ಕಣವನ್ನು ತಡೆಯುತ್ತದೆ, ಓಜೋನನ್ನು ತಡೆಯುವುದಿಲ್ಲ.

'ಇಷ್ಟು ಲಕ್ಷ ಸಾವು' ಅನ್ನುವ ಸುದ್ದಿ ಬಂದಾಗ

2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದ 16.7 ಲಕ್ಷ ಸಾವು ಎಂಬ ವರದಿ 2020ರ ಕೊನೆಯಲ್ಲಿ ಬಂದಿತ್ತು. ಯಾವ ಮರಣಪತ್ರದಲ್ಲೂ ಕಾರಣ 'ಗಾಳಿ' ಅಂತ ಬರೆದಿರುವುದಿಲ್ಲ. ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ ಅಂತ ಇರುತ್ತದೆ. ಗಾಳಿ ಚೊಕ್ಕ ಇದ್ದಿದ್ದರೆ ಇವುಗಳಲ್ಲಿ ಎಷ್ಟು ಕಡಿಮೆ ಆಗುತ್ತಿದ್ದವು ಅನ್ನುವ ಅಂದಾಜು ಲೆಕ್ಕ ಅದು. ತಲೆ ಎಣಿಸಿದ್ದಲ್ಲ. ಹಾಗಂತ ಸುಳ್ಳೂ ಅಲ್ಲ. ಇಂಥ ಸುದ್ದಿಯಲ್ಲಿ ಹುಡುಕಬೇಕಾದ್ದು ಒಳಗಿನ ಪಾಲು. ಆ ಲೆಕ್ಕದಲ್ಲಿ 9.8 ಲಕ್ಷ ಹೊರಗಿನ ಕಣಗಳ ಪಾಲಾದರೆ, 6.1 ಲಕ್ಷ ಮನೆಯೊಳಗಿನ ಹೊಗೆಯದು, ಹೆಚ್ಚಾಗಿ ಸೌದೆ, ಬೆರಣಿ ಒಲೆಯದು. ಹೆಡ್‌ಲೈನಿನಲ್ಲಿ ಅಡುಗೆಮನೆ ಬರುವುದೇ ಇಲ್ಲ ನೋಡಿ.

ಶೇಕಡಾವಾರು ಬಂದರೆ 'ಯಾವುದರ ಶೇಕಡಾ' ಅಂತ ಕೇಳಿ. 2024ರಲ್ಲಿ ಹತ್ತು ಭಾರತೀಯ ನಗರಗಳ ಅಧ್ಯಯನವೊಂದು ಪ್ರಕಟವಾಯಿತು. ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದರೆ ಆ ದಿನಗಳ ಸಾವು ಸರಾಸರಿ ಶೇ 1.42 ಜಾಸ್ತಿ ಅಂತ ಅದು ಹೇಳಿತು. ಊರಿನಲ್ಲಿ ದಿನಕ್ಕೆ 200 ಸಾವು ಆಗುತ್ತಿದ್ದರೆ ಸುಮಾರು ಮೂರು ಜಾಸ್ತಿ ಅಂತ ಅರ್ಥ. ಬೆಂಗಳೂರಿಗೆ ಆ ಅಂಕಿ ಶೇ 3.06, ಅಂದರೆ ಆರು. ದೆಹಲಿಗೆ ಎಷ್ಟು? ಶೇ 0.31.

ಇದನ್ನು ನೋಡಿ 'ದೆಹಲಿಯವರಿಗೆ ಗಾಳಿ ಅಭ್ಯಾಸವಾಗಿದೆ, ನಮಗಿಂತ ಅವರೇ ವಾಸಿ' ಅಂತ ನನ್ನ ಸ್ನೇಹಿತನೊಬ್ಬ ಹೇಳಿದ. ಹಾಗಲ್ಲ. ಅಲ್ಲಿ ಮೈಕ್ರೋಗ್ರಾಂ ನೂರುಗಟ್ಟಲೆ ಏರುತ್ತದೆ, ಒಟ್ಟು ಹಾನಿ ಅಲ್ಲೇ ಜಾಸ್ತಿ. ಅಧ್ಯಯನ ಕಂಡುಕೊಂಡದ್ದು ಇಷ್ಟು: ಗಾಳಿ ಸುಮಾರಾಗಿ ಚೆನ್ನಾಗಿರುವಾಗಲೇ ಏರುವ ಪ್ರತಿ ಹತ್ತು ಮೈಕ್ರೋಗ್ರಾಂ ಹೆಚ್ಚು ಏಟು ಕೊಡುತ್ತದೆ. 'ನಮ್ಮೂರು ದೆಹಲಿ ಅಲ್ವಲ್ಲ ಬಿಡಿ' ಅನ್ನುವವರಿಗೆ ಇದು ಉತ್ತರ. 80 ಇದ್ದದ್ದು 60ಕ್ಕೆ ಇಳಿದರೂ ಲಾಭ ಇದೆ.

ಮನೆಯಲ್ಲಿ ಏನು ಮಾಡುವುದು

ಅಂಕಿ ಏರಿದ ಹೊತ್ತಿಗೆ ರಸ್ತೆ ಕಡೆಯ ಕಿಟಕಿ ಮುಚ್ಚಿ, ಇಳಿದಾಗ ತೆರೆಯಿರಿ. ಮಾಸ್ಕ್ ಹಾಕುವುದಾದರೆ ಎನ್95. ಮೂಗಿನ ಪಕ್ಕ ಗಾಳಿ ನುಸುಳಿದರೆ, ಗಡ್ಡ ಅಡ್ಡ ಬಂದರೆ ಉಪಯೋಗ ಅರ್ಧಕ್ಕರ್ಧ ಹೋದಂತೆ. ಬಟ್ಟೆಯ ಮಾಸ್ಕ್ ಸಣ್ಣ ಕಣಕ್ಕೆ ಹೆಚ್ಚೇನೂ ಮಾಡದು. ಗಾಳಿ ಶುದ್ಧಿ ಮಾಡುವ ಯಂತ್ರ ಕೊಳ್ಳುವ ಮೊದಲು ಕೋಣೆ ಅಳೆಯಿರಿ. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆ, ಎತ್ತರ ಒಂಬತ್ತು ಅಡಿ ಇದ್ದರೆ ಸುಮಾರು 30 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕು ಅಂದರೆ ಡಬ್ಬದ ಮೇಲೆ ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಅಂಕಿ, 150ಕ್ಕಿಂತ ಜಾಸ್ತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ದುಡ್ಡು ದಂಡ.

ಕಿಟಕಿ ಮುಚ್ಚಿ ಒಳಗೆ ಸೊಳ್ಳೆ ಬತ್ತಿ ಹಚ್ಚುವುದು ಮಾತ್ರ ಬೇಡ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿದ 2003ರ ಅಧ್ಯಯನದಲ್ಲಿ, ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಹೊರಬಂದಿತ್ತು. ಅಪ್ಪ ಜೀವನದಲ್ಲಿ ಒಂದು ಬೀಡಿ ಸೇದಿದವರಲ್ಲ. ಈ ಲೆಕ್ಕ ಕೇಳಿದ ಮೇಲೆ ಬತ್ತಿಯ ಪೊಟ್ಟಣವನ್ನು ತಾವೇ ಹೊರಗೆಸೆದರು. ವಾಕಿಂಗ್ ಕೂಡ ಚಳಿಗಾಲ ಕಳೆಯುವ ತನಕ ಸಂಜೆ ನಾಲ್ಕೂವರೆಗೆ ಬದಲಾಗಿದೆ. ಹಾಲು ತರುವುದು, ರಾತ್ರಿ ಸೊಳ್ಳೆ ಪರದೆ ಕಟ್ಟುವುದು ಎರಡೂ ಈಗ ನನ್ನ ಕೆಲಸ.