ಬ್ಲೋ-ಆಫ್ ವಾಲ್ವ್ ಪಟಪಟಿಸಿದರೆ ಸ್ಕ್ರೂ ತಿರುಗಿಸುವ ಮೊದಲು ಹೋಸ್ ನೋಡಿ

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದ ಕ್ಷಣ ಬ್ಲೋ-ಆಫ್ ವಾಲ್ವ್ ಮೂಲಕ ‘ಭುಸ್’ ಎಂದು ಒಂದೇ ಸಲಕ್ಕೆ ಗಾಳಿ ಹೊರಹೋಗಬೇಕು. ಅದರ ಬದಲು ‘ಪಟಪಟಪಟ’ ಎಂಬ ತುಂಡು ತುಂಡಾದ ಸದ್ದು ಬಂದರೆ, ಹೆಚ್ಚಿನವರು ಮೊದಲು ವಾಲ್ವಿನ ತಲೆಯ ಮೇಲಿರುವ ಸ್ಕ್ರೂ ತಿರುಗಿಸುತ್ತಾರೆ. ಅದರಿಂದ ಗುಣ ಕಾಣದಿದ್ದರೆ ಹೊಸ ವಾಲ್ವ್ ಕೊಳ್ಳುತ್ತಾರೆ. ಇವೆರಡನ್ನೂ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ದೋಷ ಬಹಳಷ್ಟು ಸಲ ವಾಲ್ವಿನಲ್ಲಿ ಇರುವುದೇ ಇಲ್ಲ, ವಾಲ್ವಿಗೆ ಸೂಚನೆ ತಲುಪಿಸುವ ಸಣ್ಣ ಹೋಸ್‌ನಲ್ಲಿ ಇರುತ್ತದೆ.

ಇದು ಹೇಗೆಂದು ತಿಳಿಯಲು ವಾಲ್ವ್ ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊ ಚಕ್ರ, ನಾವು ಕಾಲು ತೆಗೆದೊಡನೆ ನಿಲ್ಲುವುದಿಲ್ಲ. ಆದರೆ ಅಷ್ಟರಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಮುಚ್ಚಿರುತ್ತದೆ. ನಡುವಿನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಗೆ ಬೇರೆ ದಾರಿ ಸಿಗದಿದ್ದರೆ ಅದು ಟರ್ಬೊದಲ್ಲಿ ಗಾಳಿಯನ್ನು ಒತ್ತುವ ಭಾಗವಾದ ಕಂಪ್ರೆಸರ್‌ನ ಬ್ಲೇಡುಗಳ ಮೂಲಕವೇ ಹಿಂದಕ್ಕೆ ನುಗ್ಗುತ್ತದೆ, ಒತ್ತಡ ಇಳಿದಾಗ ಮತ್ತೆ ಮುಂದಕ್ಕೆ ಹರಿಯುತ್ತದೆ, ಪುನಃ ಹಿಂದಕ್ಕೆ ಬರುತ್ತದೆ. ಕಂಪ್ರೆಸರ್ ಸರ್ಜ್ ಎನ್ನುವುದು ಇದನ್ನೇ. ಇದನ್ನು ತಪ್ಪಿಸಲೆಂದೇ ಬ್ಲೋ-ಆಫ್ ವಾಲ್ವ್ ಇದೆ. ಅದರೊಳಗಿನ ಪಿಸ್ಟನ್ ಅಥವಾ ಡಯಾಫ್ರಮ್‌ನ ಮೇಲ್ಭಾಗಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಒಂದು ಹೋಸ್ ಬಂದಿರುತ್ತದೆ, ಕೆಳಭಾಗಕ್ಕೆ ಟರ್ಬೊ ತಳ್ಳಿದ ಗಾಳಿ ತಾಗುತ್ತಿರುತ್ತದೆ. ಥ್ರಾಟಲ್ ತೆರೆದಿರುವಾಗ ಎರಡೂ ಕಡೆಯ ಒತ್ತಡ ಹೆಚ್ಚುಕಡಿಮೆ ಸಮವಾಗಿರುವುದರಿಂದ ಸ್ಪ್ರಿಂಗ್ ವಾಲ್ವನ್ನು ಮುಚ್ಚಿ ಹಿಡಿದಿರುತ್ತದೆ. ಥ್ರಾಟಲ್ ಮುಚ್ಚಿದಾಗ ಮೇಲಿನಿಂದ ವ್ಯಾಕ್ಯೂಮ್ ಎಳೆಯುತ್ತದೆ, ಕೆಳಗಿನಿಂದ ಒತ್ತಡ ನೂಕುತ್ತದೆ, ವಾಲ್ವ್ ತೆರೆಯುತ್ತದೆ. ಮೇಲಿನ ಎಳೆತ ತಡವಾಗಿ ಬಂದರೆ ಅಥವಾ ದುರ್ಬಲವಾಗಿದ್ದರೆ ವಾಲ್ವ್ ಅರ್ಧ ತೆರೆದು, ಒತ್ತಡ ಇಳಿದೊಡನೆ ಮುಚ್ಚಿ, ಮತ್ತೆ ತೆರೆಯುತ್ತದೆ. ಕಿವಿಗೆ ಬೀಳುವ ಪಟಪಟ ಸದ್ದು ಈ ತೆರೆದು ಮುಚ್ಚುವಿಕೆಯದೂ ಆಗಿರಬಹುದು, ಸರ್ಜ್‌ನದೂ ಆಗಿರಬಹುದು. ಅನೇಕ ವೇಳೆ ಎರಡೂ ಬೆರೆತಿರುತ್ತವೆ.

ಸದ್ದು ಯಾವಾಗ ಬರುತ್ತದೆ?

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಅಲ್ಪಸ್ವಲ್ಪ ಒತ್ತಿ ಬಿಟ್ಟಾಗ ಮಾತ್ರ ಪಟಪಟಿಸಿದರೆ, ಅಷ್ಟು ಸಣ್ಣ ಒತ್ತಡಕ್ಕೆ ಮಣಿಯದಷ್ಟು ಸ್ಪ್ರಿಂಗ್ ಬಿಗಿಯಾಗಿದೆ ಎಂದರ್ಥ. ಇದು ಗಾಬರಿಪಡುವ ವಿಷಯವಲ್ಲ. ಪೂರ್ಣ ಬೂಸ್ಟ್‌ನಲ್ಲಿ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಓಡಿ ಕಾಲು ತೆಗೆದಾಗ ಬರುವ ಸದ್ದನ್ನು ಮಾತ್ರ ಕಡೆಗಣಿಸಬಾರದು, ಏಕೆಂದರೆ ಆ ಹೊಡೆತವೆಲ್ಲ ಟರ್ಬೊದ ಶಾಫ್ಟ್ ಹಿಂದಕ್ಕೂ ಮುಂದಕ್ಕೂ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಕಾಲು ಒತ್ತಿಕೊಂಡೇ ಇರುವಾಗ, ಎಂಜಿನ್ ಭಾರ ಎಳೆಯುತ್ತಿರುವಾಗ ಸದ್ದು ಬಂದರೆ ಅದಕ್ಕೂ ಬ್ಲೋ-ಆಫ್ ವಾಲ್ವಿಗೂ ಸಂಬಂಧವಿಲ್ಲ. ಎಂಜಿನ್ನಿಗೆ ಹೊಂದದಷ್ಟು ದೊಡ್ಡ ಟರ್ಬೊ ಅಥವಾ ಕಡಿಮೆ ಆರ್‌ಪಿಎಂನಲ್ಲೇ ಅತಿಯಾಗಿ ಏರಿಸಿದ ಬೂಸ್ಟ್ ಅದಕ್ಕೆ ಕಾರಣವಿರಬಹುದು. ಎಕ್ಸಾಸ್ಟ್ ಕಡೆಯಿಂದ ಲೋಹ ಲೋಹಕ್ಕೆ ತಾಗಿದಂತೆ ಗಿಲಗಿಲ ಎನ್ನುತ್ತಿದ್ದರೆ ಹೆಚ್ಚಾದ ಎಕ್ಸಾಸ್ಟ್ ಅನಿಲವನ್ನು ಟರ್ಬೊಗೆ ತಾಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್‌ನ ಕೀಲು ಸವೆದಿದೆಯೇ ಎಂದು ನೋಡಿ.

ನಿಂತ ಕಾರಿನ ಆಕ್ಸಿಲರೇಟರ್ ತುಳಿದು ಈ ಪರೀಕ್ಷೆ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಭಾರವಿಲ್ಲದ ಎಂಜಿನ್ ಬೂಸ್ಟನ್ನು ಹುಟ್ಟಿಸುವುದೇ ಅಷ್ಟಕ್ಕಷ್ಟೆ. ವಾಹನ ಸಂಚಾರವಿಲ್ಲದ ಸುರಕ್ಷಿತ ಜಾಗದಲ್ಲಿ ಗೇರ್‌ನಲ್ಲಿ ಓಡಿಸಿ, ಪಕ್ಕದಲ್ಲಿ ಕುಳಿತವರು ಬೂಸ್ಟ್ ಮತ್ತು ಆರ್‌ಪಿಎಂ ಬರೆದುಕೊಳ್ಳಲಿ.

ಹೋಸ್

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್‌ನಿಂದ ವಾಲ್ವಿನವರೆಗೆ ಹೋಸ್‌ನ ಉದ್ದಕ್ಕೂ ಬೆರಳಾಡಿಸುತ್ತಾ ಬನ್ನಿ. ಬಿರುಕು, ಸಡಿಲ ಕ್ಲಿಪ್, ಎಲ್ಲಿಯಾದರೂ ಮಡಚಿಕೊಂಡ ತಿರುವು, ಎಣ್ಣೆ ಕುಡಿದು ಮೆತ್ತಗಾದ ರಬ್ಬರ್, ಇವೆಲ್ಲ ಕೈಗೇ ತಿಳಿಯುತ್ತವೆ. ಕಣ್ಣಿಗೆ ಕಾಣದ ದೋಷವೊಂದಿದೆ: ತೆಳು ಗೋಡೆಯ ಸಿಲಿಕಾನ್ ಹೋಸ್ ತಣ್ಣಗಿರುವಾಗ ದುಂಡಗೆ ಕಂಡರೂ, ಎಂಜಿನ್ ಬಿಸಿಯೇರಿ ವ್ಯಾಕ್ಯೂಮ್ ಎಳೆದಾಗ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ದಪ್ಪ ಗೋಡೆಯ, ವಾಲ್ವಿನ ನಳಿಕೆಗೆ ಸರಿಹೊಂದುವ ಹೋಸನ್ನು ಸಾಧ್ಯವಾದಷ್ಟು ಗಿಡ್ಡವಾಗಿ ಹಾಕಬೇಕು.

ಈ ಹೋಸ್ ಎಲ್ಲಿಂದ ಹೊರಟಿದೆ ಎಂಬುದು ಇನ್ನೂ ಮುಖ್ಯ. ಅದು ಥ್ರಾಟಲ್ ದಾಟಿದ ಮೇಲೆ, ಮ್ಯಾನಿಫೋಲ್ಡ್‌ನಿಂದಲೇ ಹೊರಡಬೇಕು. ಬೂಸ್ಟ್ ಗೇಜ್, ಇಂಧನ ಒತ್ತಡದ ರೆಗ್ಯುಲೇಟರ್ ಮುಂತಾದವುಗಳೊಡನೆ ಒಂದೇ ಕವಲನ್ನು ಹಂಚಿಕೊಂಡರೆ ಸೂಚನೆ ಮಂದವಾಗುತ್ತದೆ. ಬ್ರೇಕ್ ಬೂಸ್ಟರ್‌ನ ಹೋಸ್‌ಗೆ, ಅದರ ಒನ್‌-ವೇ ವಾಲ್ವಿನ ಆಚೆ ಬದಿಯಲ್ಲಿ ಜೋಡಿಸುವುದಂತೂ ದೊಡ್ಡ ತಪ್ಪು. ವ್ಯಾಕ್ಯೂಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೂಸ್ಟ್ ವಾಲ್ವಿನ ತಲೆಗೆ ತಲುಪುವುದಿಲ್ಲ, ಜೊತೆಗೆ ಬ್ರೇಕ್‌ನ ನೆರವನ್ನೇ ಅಪಾಯಕ್ಕೆ ಒಡ್ಡಿದಂತಾಗುತ್ತದೆ. ಅನುಮಾನ ಉಳಿದರೆ ವಾಲ್ವಿನ ತುದಿಯಲ್ಲಿ ತಾತ್ಕಾಲಿಕವಾಗಿ ವ್ಯಾಕ್ಯೂಮ್ ಗೇಜ್ ಜೋಡಿಸಿ ನೋಡಿ. ಮ್ಯಾನಿಫೋಲ್ಡ್‌ನಲ್ಲಿ ಸಿಕ್ಕಷ್ಟೇ ಅಳತೆ ಅಲ್ಲಿಯೂ ಸಿಗಬೇಕು, ಮುಳ್ಳು ತಡವರಿಸದೆ ಚಲಿಸಬೇಕು.

ವಾಲ್ವ್

ಹೋಸ್ ಸರಿಯಿದ್ದರೆ ವಾಲ್ವನ್ನು ಬಿಚ್ಚಿ ತೆಗೆಯಿರಿ. ಕೆಳಗಿನ ಬಾಯಿಯಿಂದ ಪಿಸ್ಟನ್ ಅಥವಾ ಡಯಾಫ್ರಮನ್ನು ಪೆನ್ಸಿಲ್‌ನ ಮೊಂಡು ತುದಿಯಿಂದ ಮೇಲಕ್ಕೆ ತಳ್ಳಿ, ಹೋಸ್ ಕೂರುವ ನಳಿಕೆಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಪೆನ್ಸಿಲ್ ತೆಗೆಯಿರಿ. ಡಯಾಫ್ರಮ್ ಮಾದರಿಯಾದರೆ ಅದು ಮೇಲೆಯೇ ನಿಲ್ಲಬೇಕು. ಬೆರಳು ತೆಗೆದೊಡನೆ ಟಪ್ ಎಂದು ಕೆಳಗಿಳಿಯಬೇಕು. ಬೆರಳು ಮುಚ್ಚಿದ್ದಾಗಲೇ ಜಾರಿ ಬಂದರೆ ರಬ್ಬರ್ ಹರಿದಿದೆ. ಪಿಸ್ಟನ್ ಮಾದರಿಯ ಕೆಲವು ವಾಲ್ವುಗಳು ಸ್ವಭಾವತಃ ತುಸು ಸೋರುತ್ತವೆ, ಆದ್ದರಿಂದ ಅವು ನಿಧಾನವಾಗಿ ಇಳಿದ ಮಾತ್ರಕ್ಕೆ ಕೆಟ್ಟಿವೆ ಎನ್ನಲಾಗದು. ಅಲ್ಲಿ ನೋಡಬೇಕಾದದ್ದು ಚಲನೆ. ಎಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್‌ನಿಂದ ಬರುವ ಎಣ್ಣೆಯ ಆವಿ ಪಿಸ್ಟನ್ ಸುತ್ತ ಕಪ್ಪು ಜಿಡ್ಡಾಗಿ ಕೂತು, ಹೆಬ್ಬೆರಳಿನಿಂದ ಒತ್ತಿದಾಗ ಅದು ತಡೆತಡೆದು ಜಾರುವಂತೆ ಮಾಡುತ್ತದೆ. ಜಿಡ್ಡು ತೊಳೆದು, ಓ-ರಿಂಗ್ ಸವೆದಿದ್ದರೆ ಬದಲಿಸಿ, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಸವರಿ.

ಕಾರ್ಖಾನೆಯಿಂದಲೇ ವಿದ್ಯುತ್ ಚಾಲಿತ ವಾಲ್ವ್ ಬಂದಿರುವ ಕಾರುಗಳಲ್ಲಿ ವ್ಯಾಕ್ಯೂಮ್ ಹೋಸ್ ಇರದೇ ಇರಬಹುದು. ಅಲ್ಲಿ ವೈರಿನ ಕನೆಕ್ಟರ್ ಮತ್ತು ಸೀಲ್ ನೋಡಿ.

ಪೈಪುಗಳಲ್ಲಿ ಸೋರಿಕೆಯಿದೆಯೇ ಎಂದು ತಿಳಿಯಲು ಟರ್ಬೊ ಕಂಪ್ರೆಸರ್‌ಗೆ ಗಾಳಿ ಒಳಬರುವ ಬಾಯಿ ಮುಚ್ಚಿ, ರೆಗ್ಯುಲೇಟರ್ ಮೂಲಕ ನಿಧಾನವಾಗಿ ಅರ್ಧ ಬಾರ್‌ನಷ್ಟು ಗಾಳಿ ತುಂಬಿ, ಕೀಲುಗಳಿಗೆ ಸೋಪಿನ ನೀರು ಹಚ್ಚುವ ವಿಧಾನವಿದೆ. ಎಣ್ಣೆ ತುಂಬುವ ಮುಚ್ಚಳವನ್ನು ಮೊದಲೇ ಸಡಿಲಿಸಿಡಿ, ಪೈಪಿನ ಕೀಲುಗಳಿಗೆ ಮುಖ ಹತ್ತಿರ ಒಯ್ಯಬೇಡಿ. ಥ್ರಾಟಲ್ ಮುಚ್ಚಿದ್ದರೆ ವಾಲ್ವಿನ ಮೇಲ್ಭಾಗಕ್ಕೆ ಒತ್ತಡ ತಲುಪದೆ ಅದು ಕೆಳಗಿನಿಂದ ತೆರೆದುಕೊಳ್ಳಬಹುದು. ಅದನ್ನು ಸೋರಿಕೆ ಎಂದು ತಿಳಿಯಬಾರದು.

ಕೊನೆಗೆ ಸ್ಪ್ರಿಂಗ್

ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ) ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ ಪಾದರಸದ 18ರಿಂದ 22 ಇಂಚಿನಷ್ಟು ವ್ಯಾಕ್ಯೂಮ್ ತೋರಿಸುತ್ತದೆ. ಎತ್ತರದ ಊರುಗಳಲ್ಲಿ ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಇಳಿಯುತ್ತದೆ. ಸ್ಪ್ರಿಂಗನ್ನು ಆಯ್ದುಕೊಳ್ಳಬೇಕಾದದ್ದು ಈ ಅಳತೆಗೆ ತಕ್ಕಂತೆ. ಹೊಂದಿಸುವ ಸ್ಕ್ರೂ ಇದ್ದರೆ ಒಂದು ಸಲಕ್ಕೆ ಅರ್ಧ ಸುತ್ತಿನಷ್ಟೇ ಸಡಿಲಿಸಿ, ಓಡಿಸಿ ನೋಡಿ. ಗಾಳಿಯನ್ನು ಹೊರಕ್ಕೆ ಬಿಡುವ ವಾಲ್ವಾದರೆ, ಐಡಲ್‌ನಲ್ಲಿ ಅದರ ಬಾಯಿಯ ಬಳಿ ತೆಳು ಕಾಗದದ ಪಟ್ಟಿಯೊಂದನ್ನು ಹಿಡಿಯಿರಿ. ಕಾಗದ ಒಳಕ್ಕೆ ಸೆಳೆದುಕೊಂಡರೆ ಸ್ಪ್ರಿಂಗ್ ಅತಿಯಾಗಿ ಸಡಿಲವಾಗಿದೆ. ಸೆಳೆತ ನಿಲ್ಲುವಷ್ಟು ಮಾತ್ರ ಮರಳಿ ಬಿಗಿ ಮಾಡಿ. ಗಾಳಿಯ ಪ್ರಮಾಣವನ್ನು ಮಾಸ್ ಏರ್‌ಫ್ಲೋ ಸೆನ್ಸರ್ ಅಳೆಯುವ ಕಾರುಗಳಲ್ಲಿ ಹೀಗೆ ಅಳತೆಗೆ ಸಿಗದೆ ಒಳನುಗ್ಗುವ ಗಾಳಿಯಿಂದ ಐಡಲ್ ಏರಿಳಿಯುತ್ತದೆ. ಅಂಥ ಕಾರುಗಳಿಗೆ, ಗಾಳಿಯನ್ನು ಟರ್ಬೊದ ಒಳದಾರಿಗೇ ಮರಳಿಸುವ ವಾಲ್ವ್ ಹೆಚ್ಚು ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ಸದ್ದಿನ ಆಸೆಗೆ ಅದನ್ನು ತೆಗೆಸಬೇಡಿ.

ಇಷ್ಟಾದ ಮೇಲೂ ಪೂರ್ಣ ಬೂಸ್ಟ್‌ನಲ್ಲಿ ಪಟಪಟ ನಿಲ್ಲದಿದ್ದರೆ, ಅಥವಾ ಬಹುಕಾಲ ಹಾಗೆಯೇ ಓಡಿಸಿದ್ದರೆ, ಒಳಬರುವ ಪೈಪ್ ಕಳಚಿ ಟರ್ಬೊದ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ನೋಡಿ. ಅಕ್ಕಪಕ್ಕಕ್ಕೆ ತುಸು ಅಲುಗುವುದು ಸಹಜ. ಹಿಂದಕ್ಕೂ ಮುಂದಕ್ಕೂ ಸ್ಪಷ್ಟವಾಗಿ ಚಲಿಸಿದರೆ, ಇಲ್ಲವೇ ಬ್ಲೇಡು ಗೋಡೆಗೆ ತಾಗಿದ ಗೆರೆಗಳು ಕಂಡರೆ, ಟರ್ಬೊ ದುರಸ್ತಿಯಾಗುವವರೆಗೆ ಕಾರನ್ನು ಓಡಿಸಬಾರದು.