ಹರ್ಪಿಸ್ ತಗುಲಿದ ಚರ್ಮಕೋಶದಲ್ಲಿ ಆಟೊಫೇಜಿ ಅಳೆಯುವ ಬಗೆ

ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸುಗಳು ಸಾಲುಗಟ್ಟಿ ನಿಂತಿದ್ದರೆ ಕಾರಣ ಎರಡಿರಬಹುದು: ಬರುವ ಬಸ್ಸು ಹೆಚ್ಚಾಗಿವೆ, ಇಲ್ಲವೇ ಧಾರವಾಡದ ಕಡೆ ದಾರಿ ಕಟ್ಟಿದೆ. ಆಟೊಫೇಜಿ ಎಂದರೆ ಕೋಶ ತನ್ನದೇ ಭಾಗಗಳನ್ನು ಆಟೊಫೇಗೋಸೋಮ್ ಎಂಬ ಚೀಲಗಳಲ್ಲಿ ತುಂಬಿ ಲೈಸೋಸೋಮಿಗೆ ಸಾಗಿಸಿ ಅರಗಿಸುವುದು. ಆ ಚೀಲಗಳ ಗುರುತು ಎಲ್‌ಸಿ3 ಎಂಬ ಪ್ರೋಟೀನ್. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಬೇರ್ಪಡಿಸಿ ಪೊರೆಗೆ ಇಳಿಸಿ ಗುರುತಿಸುವ ವಿಧಾನ) ಎಲ್‌ಸಿ3 ಪಟ್ಟಿ ದಪ್ಪಗೆ ಕಂಡರೂ ಬಸ್ಸಿನ ಸಾಲಿನ ಹಾಗೇ: ಚೀಲಗಳು ಹೆಚ್ಚು ಹುಟ್ಟಿರಬಹುದು, ಇಲ್ಲವೇ ಅರಗದೆ ಉಳಿದಿರಬಹುದು. ಅದೊಂದನ್ನೇ ನೋಡಿ 'ವೈರಸ್ ಆಟೊಫೇಜಿ ಹೆಚ್ಚಿಸಿತು' ಎಂದು ಪ್ರಾಜೆಕ್ಟ್ ವರದಿ ಬರೆದರೆ ಕೆಟ್ಟಿತು. ದಾರಿಯನ್ನು ನೀವೇ ಕಟ್ಟಿ, ಎಷ್ಟು ಜಮೆಯಾಗುತ್ತದೆ ನೋಡಬೇಕು. ಕಟ್ಟುವ ಔಷಧಿ ಬಾಫಿಲೊಮೈಸಿನ್ ಎ1: ಲೈಸೋಸೋಮ್ ಆಮ್ಲೀಯವಾಗದಂತೆ ತಡೆದು ಅರಗುವುದನ್ನು ನಿಲ್ಲಿಸುತ್ತದೆ.

ಕೆಲಸವೆಲ್ಲ ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಲ್ಯಾಬಿನಲ್ಲೇ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದು. ಆರು ಗುಳಿಯ ಪ್ಲೇಟಿನಲ್ಲಿ ಗುಳಿಗೆ ಸುಮಾರು 5 ಲಕ್ಷ ಹಾಕ್ಯಾಟ್ ಕೋಶ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಚರ್ಮದ ಕೆರಟಿನೊಸೈಟ್) ಹಾಕಿ, ಮರುದಿನ ನಾಲ್ಕು ಗುಳಿ ಬಳಸಿ: ಎರಡಕ್ಕೆ ಎಚ್‌ಎಸ್‌ವಿ-1 (ಹರ್ಪಿಸ್ ಸಿಂಪ್ಲೆಕ್ಸ್ ವೈರಸ್), ಕೋಶಕ್ಕೆ 5 ಸೋಂಕುಕಾರಕ ವೈರಸ್ ಕಣದ ಲೆಕ್ಕದಲ್ಲಿ, ಎರಡಕ್ಕೆ ಬರೀ ಮೀಡಿಯಂ. ನಾಲ್ಕು ತಾಸಾದ ಮೇಲೆ ಪ್ರತಿ ಜೋಡಿಯಲ್ಲಿ ಒಂದಕ್ಕೆ 100 ನ್ಯಾನೊಮೋಲಾರ್ ಬಾಫಿಲೊಮೈಸಿನ್, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಡಿಎಂಎಸ್‌ಒ, ಅಂದರೆ ಔಷಧಿ ಕರಗಿಸಿದ ದ್ರಾವಕ ಮಾತ್ರ. ಆರನೇ ತಾಸಿಗೆ ಕೋಶ ಎತ್ತಿ. ಅವಸರಪಟ್ಟು ಮೊದಲೇ ಔಷಧಿ ಹಾಕಬೇಡಿ: ಕೆರಟಿನೊಸೈಟ್‌ಗಳೊಳಗೆ ಈ ವೈರಸ್ ಹೊಗುವುದೇ ಎಂಡೊಸೋಮಿನ (ಹೊರಗಿನದನ್ನು ಕೋಶ ಒಳಗೆಳೆದುಕೊಳ್ಳುವ ಚೀಲದ) ಆಮ್ಲೀಯತೆಯಿಂದ, ಬಾಫಿಲೊಮೈಸಿನ್ ಅದನ್ನೇ ತಡೆಯುತ್ತದೆ. ಸೋಂಕೇ ಆಗದ ಕೋಶ ಅಳೆದು ಕೂತಂತಾಗುತ್ತದೆ.

ಗುಳಿಗೆ 100 ಮೈಕ್ರೊಲೀಟರ್, ಕೋಶ ಒಡೆಯುವ ಲೈಸಿಸ್ ಬಫರ್, ಮಂಜುಗಡ್ಡೆಯ ಮೇಲೆ. ಲೈಸೇಟನ್ನು ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಎಲ್‌ಸಿ3ಯ ಮೊದಲ ರೂಪ (ಎಲ್‌ಸಿ3-I, ಪೊರೆಗೆ ಅಂಟದ್ದು) ಹಾಳಾಗುತ್ತದೆ. 15% ಜೆಲ್, ಲೇನಿಗೆ 20 ಮೈಕ್ರೊಗ್ರಾಂ ಪ್ರೋಟೀನ್. ಧಾರವಾಡದ ಡಿಸೆಂಬರ್ ಥಂಡಿಗೆ ಜೆಲ್ಲಿಗೆ ಬಳಸುವ ಎಸ್‌ಡಿಎಸ್ ಡಿಟರ್ಜೆಂಟ್ ಬಾಟಲಿಯ ತಳದಲ್ಲಿ ಬೆಳ್ಳಗೆ ಕೂತಿರುತ್ತದೆ. 37 ಡಿಗ್ರಿ ನೀರಲ್ಲಿಟ್ಟು ಪೂರ್ತಿ ಕರಗಿಸಿದ ಮೇಲೆಯೇ ಬಳಸಿ. ಬ್ಲಾಟಿನ ಪಿವಿಡಿಎಫ್ ಪೊರೆಯ ರಂಧ್ರ 0.2 ಮೈಕ್ರಾನಿನದೇ ಇರಲಿ, 0.45 ಆದರೆ ಇಷ್ಟು ಸಣ್ಣ ಪ್ರೋಟೀನ್ ದಾಟಿ ಹೋದೀತು. ಎಲ್‌ಸಿ3ಯ ಎರಡನೇ ರೂಪಕ್ಕೆ (ಎಲ್‌ಸಿ3-II, ಆಟೊಫೇಗೋಸೋಮಿನ ಪೊರೆಗೆ ಅಂಟಿದ್ದು) ಕೊಬ್ಬು ಅಂಟಿರುವುದರಿಂದ ತೂಕ ಹೆಚ್ಚು, ಆದರೂ ಜೆಲ್ಲಿನಲ್ಲಿ ಕೆಳಗೆ ಓಡುತ್ತದೆ. ಕೆಳಗಿನ ಪಟ್ಟಿಯೇ ನಿಮಗೆ ಬೇಕಾದ್ದು. ಅದನ್ನು ಎಲ್ಲ ಲೇನಿನಲ್ಲೂ ಹೆಚ್ಚುಕಡಿಮೆ ಸಮನಾಗಿರುವ ಆಕ್ಟಿನ್ ಪ್ರೋಟೀನಿನ ಜೊತೆ ಹೋಲಿಸಿ, ಮೇಲಿನ ಪಟ್ಟಿಯ ಜೊತೆ ಅಲ್ಲ.

ಔಷಧಿ ಹಾಕಿದ ಗುಳಿಯ ಅಳತೆಯಿಂದ ಹಾಕದ್ದರ ಅಳತೆ ಕಳೆಯಿರಿ. ಆ ವ್ಯತ್ಯಾಸವೇ ಓಟ (ಫ್ಲಕ್ಸ್), ಅಂದರೆ ಆಟೊಫೇಜಿ ನಿಜಕ್ಕೂ ಎಷ್ಟು ನಡೆಯಿತೆಂಬ ಲೆಕ್ಕ. ಸೋಂಕಿದ ಕೋಶದಲ್ಲಿ ಓಟ ಹೆಚ್ಚದಿದ್ದರೆ ಪ್ರಯೋಗ ಕೆಟ್ಟಿತೆಂದು ಹೆದರಬೇಡಿ. ಎಚ್‌ಎಸ್‌ವಿ-1ರ ಐಸಿಪಿ34.5 ಪ್ರೋಟೀನ್ ನಮ್ಮ ಕೋಶದ ಬೆಕ್ಲಿನ್-1 ಎಂಬ ಪ್ರೋಟೀನಿಗೆ ಅಂಟಿಕೊಂಡು ಆಟೊಫೇಜಿಯ ಆರಂಭವನ್ನೇ ಹಿಡಿದಿಡುತ್ತದೆ. ಸರ್ಪಸುತ್ತಿನ ವೈರಸ್ಸಿಗೆ ಅಂಥ ಪ್ರೋಟೀನಿಲ್ಲ. ಅದರ ಗುಳ್ಳೆಗಳ ಕೋಶಗಳಲ್ಲಿ ಆಟೊಫೇಗೋಸೋಮ್‌ಗಳು ಧಾರಾಳ. ಆಟೊಫೇಜಿಯಲ್ಲೇ ಅರಗಿಹೋಗುವ ಪಿ62 ಪ್ರೋಟೀನ್ ಇಳಿಯಿತೆಂದೂ ಹಿಗ್ಗಬೇಡಿ: ಹರ್ಪಿಸ್ ಕೋಶದ ಎಂಆರ್‌ಎನ್‌ಎಗಳನ್ನು ಕತ್ತರಿಸುತ್ತದೆ, ಹೊಸ ಪಿ62 ತಯಾರಾಗದೆಯೂ ಇಳಿದಿರಬಹುದು.

ಜೀನಿನ ಪಾತ್ರ ನೋಡಬೇಕಾದರೆ ಸೋಂಕಿಗೆ 48ರಿಂದ 72 ತಾಸು ಮೊದಲು ಎಸ್‌ಐಆರ್‌ಎನ್‌ಎ (ಜೀನನ್ನು ಅಡಗಿಸುವ ಪುಟ್ಟ ಆರ್‌ಎನ್‌ಎ) ಕೊಟ್ಟು, ಆಟೊಫೇಜಿಗೆ ಬೇಕಾದ ಎಟಿಜಿ5 ಅಡಗಿಸಿ. ಬ್ಲಾಟ್‌ನಲ್ಲಿ ಅದು ಎಟಿಜಿ12ರ ಜೊತೆ ಕೂಡಿ ಸುಮಾರು 55 ಕಿಲೊಡಾಲ್ಟನ್ನಿನಲ್ಲಿ ಕಾಣುತ್ತದೆ, 32ರಲ್ಲಿ ಹುಡುಕಿ ಸುಸ್ತಾಗಬೇಡಿ. ಎಟಿಜಿ5, ಎಟಿಜಿ7, ಎಟಿಜಿ16ಎಲ್1 ಆಟೊಫೇಜಿಯಲ್ಲದ ಕೆಲಸಕ್ಕೂ ಎಲ್‌ಸಿ3ಯನ್ನು ಪೊರೆಗೆ ಅಂಟಿಸುತ್ತವೆ. ಹಾಗಾಗಿ ಆಟೊಫೇಜಿಗೆ ಬೇಕಾದ, ಆದರೆ ಆ ಬೇರೆ ಕೆಲಸಕ್ಕೆ ಬೇಡದ ಎಟಿಜಿ13 ಅಥವಾ ಎಫ್‌ಐಪಿ200 ಅಡಗಿಸಿದ ಇನ್ನೊಂದು ಪ್ಲೇಟ್ ಪಕ್ಕದಲ್ಲಿರಲಿ.